ಜೂಮ್ ಹೆಚ್ಚಿದ್ದರೆ ಗುರಿ ತಪ್ಪುವುದಿಲ್ಲವೇ?

‘ದೊಡ್ಡ ಜೂಮ್ ಇರುವ ಸ್ಕೋಪ್ ಹಾಕಿದರೆ ಗುರಿ ತಪ್ಪದು; ಏರ್‌ಗನ್‌ಗೆ ಲೈಸೆನ್ಸ್ ಬೇಡ, ಮೊಲ ಹೊಡೆಯಬಹುದು’ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ನಿಜವೇ?

ಸ್ಕೋಪ್ ಮೇಲೆ ‘3-9×40’ ಎಂದಿದ್ದರೆ ಅದು ಗುರಿಯನ್ನು 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಮಸೂರದ ಅಗಲ 40 ಮಿ.ಮೀ. ಎಂದರ್ಥ. ಜೂಮ್ ಹೆಚ್ಚಿದಂತೆ ಕಾಣುವ ಜಾಗ ಕಿರಿದಾಗುತ್ತದೆ, ಬೆಳಕು ಕಡಿಮೆಯಾಗುತ್ತದೆ, ಕೈನಡುಕವೂ ದೊಡ್ಡದಾಗಿ ಕಾಣುತ್ತದೆ. ಆದರೆ ಸ್ಕೋಪ್ ಆ ನಡುಕವನ್ನು ನಿಲ್ಲಿಸುವುದಿಲ್ಲ.

ಅಭಿನವ್ ಬಿಂದ್ರಾ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಜೂಮ್ ಸ್ಕೋಪ್‌ಗೆ ಅವಕಾಶವೇ ಇಲ್ಲ. ಸಣ್ಣ ರಂಧ್ರದ ಮೂಲಕ ನೋಡಿಯೇ ಗುರಿ ಹಿಡಿಯಬೇಕು.

ಅಭ್ಯಾಸಕ್ಕಾಗಿ ಸ್ಕೋಪ್ ಕೊಳ್ಳುವುದಾದರೆ ಎರಡು ವಿಷಯ ಕೇಳಿ: 10 ಮೀಟರ್ ದೂರಕ್ಕೆ ಸ್ಪಷ್ಟವಾಗಿ ಕಾಣುತ್ತದೆಯೇ? ಸ್ಪ್ರಿಂಗ್ ಏರ್‌ಗನ್ ಹಿಂದಕ್ಕೂ ಮುಂದಕ್ಕೂ ಕೊಡುವ ಹೊಡೆತವನ್ನು ತಾಳುತ್ತದೆಯೇ?

ಇನ್ನು ಬೇಟೆ. ಕಡಿಮೆ ಶಕ್ತಿಯ ಏರ್‌ಗನ್‌ಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಬೇಟೆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಮೊಲ, ನವಿಲು ಹೊಡೆಯುವುದು ಚಿಂಚೋಳಿ ವನ್ಯಜೀವಿಧಾಮದಲ್ಲಷ್ಟೇ ಅಲ್ಲ, ಶಹಾಬಾದದ ನಿಮ್ಮದೇ ಹೊಲದಲ್ಲೂ ಅಪರಾಧ. ಅಂಥ ಸಂದೇಶ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಇದನ್ನು ತಿಳಿಸಿ.