1.33 ಅನ್ನು 1 ಮಾಡುವ ಮುನ್ನ

ಶೇಕಡಾ ಸಂಯೋಜನೆಯಿಂದ ಎಂಪಿರಿಕಲ್ ಸೂತ್ರ ಕಂಡುಹಿಡಿಯುವ ಪಾಠವನ್ನು ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದು ಕೋಷ್ಟಕ ಬರೆದು ಮುಗಿಸುತ್ತೇವೆ: ಧಾತು, ಶೇಕಡಾ, ಪರಮಾಣು ರಾಶಿಯಿಂದ ಭಾಗಾಕಾರ, ಚಿಕ್ಕ ಸಂಖ್ಯೆಯಿಂದ ಮತ್ತೆ ಭಾಗಾಕಾರ, ಕೊನೆಗೆ ಪೂರ್ಣಾಂಕ. ಕೋಷ್ಟಕದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅತಿ ಕಡಿಮೆ ಸಮಯ ಕೊಡುವ ಆ ಕೊನೆಯ ಕಾಲಂಗೇ ಅತಿ ಹೆಚ್ಚು ಸಮಯ ಬೇಕು ಎಂಬುದು ನನ್ನ ಅಭಿಪ್ರಾಯ.

ಪ್ರಥಮ ಪಿಯುಸಿ ಪಠ್ಯದ ಮೊದಲ ಅಧ್ಯಾಯದ ಅಭ್ಯಾಸದಲ್ಲಿ ಕಬ್ಬಿಣದ ಒಂದು ಆಕ್ಸೈಡ್ ಇದೆ: ಕಬ್ಬಿಣ ಶೇ. 69.9, ಆಕ್ಸಿಜನ್ ಶೇ. 30.1. ಇವನ್ನು ಕ್ರಮವಾಗಿ 55.85 ಮತ್ತು 16ರಿಂದ ಭಾಗಿಸಿದರೆ 1.25 ಮತ್ತು 1.88, ಅನುಪಾತ 1:1.5. ಅಂದರೆ ಎರಡು ಕಬ್ಬಿಣಕ್ಕೆ ಮೂರು ಆಕ್ಸಿಜನ್. ಸಂಡೂರು, ಹೊಸಪೇಟೆ ಕಡೆಯ ಹೆಮಟೈಟ್ ಇದೇ. (ಅದಿರಿನ ಶೇಕಡಾ ಬೇರೆ, ಶುದ್ಧ ಸಂಯುಕ್ತದ ಶೇಕಡಾ ಬೇರೆ, ಹೇಳದಿದ್ದರೆ ಗಣಿ ಸೀಮೆಯ ಮಕ್ಕಳು ಕೇಳಿಯೇ ಕೇಳುತ್ತಾರೆ.) ಅರ್ಧ ಬಂದಾಗ ಎರಡರಿಂದ ಗುಣಿಸುವುದು ಮಕ್ಕಳಿಗೆ ಸಹಜವಾಗಿಯೇ ಹೊಳೆಯುತ್ತದೆ.

ಕುದುರೆಮುಖದಲ್ಲಿ ತೆಗೆಯುತ್ತಿದ್ದ ಮ್ಯಾಗ್ನಟೈಟ್ ಹಾಗಲ್ಲ. ಶುದ್ಧ ರೂಪದಲ್ಲಿ ಕಬ್ಬಿಣ ಶೇ. 72.4, ಆಕ್ಸಿಜನ್ ಶೇ. 27.6, ಅನುಪಾತ 1:1.33. "ಹತ್ತಿರದ ಪೂರ್ಣಾಂಕಕ್ಕೆ ತನ್ನಿ" ಎಂದು ಕೇಳಿದ ವಿದ್ಯಾರ್ಥಿ 1 ಎಂದೇ ಬರೆಯುತ್ತಾನೆ. ಅವನದೇನು ತಪ್ಪು? ಬೇರೊಂದು ಲೆಕ್ಕದಲ್ಲಿ 1.98 ಅನ್ನು 2 ಮಾಡಿ ತೋರಿಸಿದವರು ನಾವೇ ಅಲ್ಲವೇ? ಆಗ ನಾವು ಇನ್ನೊಂದು ಪಟ್ಟಿ ಕೊಡುತ್ತೇವೆ: .5 ಇದ್ದರೆ 2ರಿಂದ, .33 ಇದ್ದರೆ 3ರಿಂದ ಗುಣಿಸಿ. ಏಕೆ ಎಂಬುದು ಆ ಪಟ್ಟಿಯಲ್ಲಿಲ್ಲ.

ಅದು ಸಿಗುವುದು ಹಿಮ್ಮುಖ ಲೆಕ್ಕದಲ್ಲಿ. ಒಂದಕ್ಕೆ ಒಂದು ಎಂದು ಹಿಡಿದರೆ 71.85ರಲ್ಲಿ ಕಬ್ಬಿಣ 55.85, ಅಂದರೆ ಶೇ. 77.7. ಕೊಟ್ಟಿರುವುದು 72.4. ಶೇಕಡಾ ಎಂಬುದು ತೂಗಿ ಅಳೆದ ಸಂಖ್ಯೆ, ಅದರಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ, 1.98ಕ್ಕೆ ನಾವು ಕೊಡುವ ರಿಯಾಯಿತಿ ಅದಕ್ಕೇ. ಐದಕ್ಕೂ ಹೆಚ್ಚಿನ ಈ ಅಂತರಕ್ಕೆ ಆ ರಿಯಾಯಿತಿ ಸಲ್ಲದು. ಮೂರಕ್ಕೆ ನಾಲ್ಕು ಎಂದು ಹಿಡಿದರೆ 231.55ರಲ್ಲಿ 167.55, ಶೇ. 72.4 ಬರುತ್ತದೆ. ಉತ್ತರ ಸರಿಯೇ ಎಂದು ವಿದ್ಯಾರ್ಥಿ ಮೇಷ್ಟರನ್ನು ಕೇಳಬೇಕಾಗಿಲ್ಲ.

ನಲವತ್ತು ನಿಮಿಷದಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂದು ಸಹಪಾಠಿಗಳು ಕೇಳುತ್ತಾರೆ. ಐದು ಲೆಕ್ಕ ಮಾಡಿಸಿದರೆ ವೀಕ್ಷಣಾ ಹಾಳೆಯಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೂ ಈ ಎರಡೇ ಲೆಕ್ಕ ಸಾಕು, ಎರಡಕ್ಕೂ ತಾಳೆ ನೋಡುವಂತಿರಲಿ. ಲೆಕ್ಕಗಳ ಸಂಖ್ಯೆ ಕಡಿಮೆಯಾಯಿತೆಂದು ಮಾರ್ಗದರ್ಶಕ ಅಧ್ಯಾಪಕರು ಅಂಕ ಕಳೆಯದಿರಲಿ ಎಂದು ವಿನಂತಿ.