ನಾಮಿನಿ ಫಾರಂನಲ್ಲಿ ಒಂದು ಸಾಲು

ಫೆಬ್ರವರಿಯಿಂದ ಏಪ್ರಿಲ್ 15ರವರೆಗೆ ನ್ಯೂಜೆರ್ಸಿಯ ನಮ್ಮವರ ತೆರಿಗೆ ಕಾಗದಗಳು ನನ್ನ ಮೇಜಿಗೆ ಬಂದು ಬೀಳುತ್ತವೆ. ಹೆಚ್ಚಿನವರು ಎಂಜಿನಿಯರುಗಳು, ನಾನು ಬರೀ ಬಿ.ಕಾಂ., ಸಿ.ಎ. ಯುವಿಸಿಇ, ಸುರತ್ಕಲ್ ಎಂದು ಹೆಮ್ಮೆಪಡುವ ಹಿರಿಯರು ಅಂದು ವರ್ಷಕ್ಕೆ ಕಟ್ಟಿದ ಫೀಸು, ಇಂದು ಎಡಿಸನ್ನಿನ ಓಕ್ ಟ್ರೀ ರೋಡಿನಲ್ಲಿ ಮನೆಮಂದಿಯ ಒಂದು ಹೊತ್ತಿನ ಊಟಕ್ಕೆ ಸಾಲದು. ಉಳಿದದ್ದನ್ನು ಕೊಟ್ಟವರು ತೆರಿಗೆ ಕಟ್ಟಿದ ಊರಿನ ಜನ. ಆ ಸಾಲ ಯಾರ ಲೆಕ್ಕದಲ್ಲೂ ನನಗೆ ಕಂಡಿಲ್ಲ.

"ಮಕ್ಕಳಿಗೆ ಬೇಡವೇ?" ಎನ್ನುತ್ತಾರೆ. ಕೊಡಿ, ಆದರೆ ಲೆಕ್ಕ ಹಾಕಿ ಕೊಡಿ. ಮನೆ, ಷೇರು ಮಕ್ಕಳಿಗೆ ಬಂದರೆ ನೀವು ತೀರಿಕೊಂಡ ದಿನದ ಬೆಲೆಯೇ ಅವರ ಅಸಲಾಗುತ್ತದೆ. ಹಿಂದಿನ ಲಾಭಕ್ಕೆ ತೆರಿಗೆಯಿಲ್ಲ. ಐಆರ್‌ಎ, 401(ಕೆ) ಹಾಗಲ್ಲ. 2019ರ ಸೆಕ್ಯೂರ್ ಕಾಯ್ದೆಯಂತೆ ದೊಡ್ಡ ಮಕ್ಕಳು ಸಾಮಾನ್ಯವಾಗಿ 10 ವರ್ಷದೊಳಗೆ ಆ ಹಣ ಪೂರ್ತಿ ತೆಗೆದು, ತಮ್ಮ ಸಂಬಳದ ಜೊತೆ ಸೇರಿಸಿ ತೆರಿಗೆ ಕಟ್ಟಬೇಕು. ಅದೇ ಹಣ ಅಮೆರಿಕದಲ್ಲಿ ನೋಂದಾಯಿಸಿದ ಧರ್ಮಾರ್ಥ ಸಂಸ್ಥೆಗೆ ಹೋದರೆ ಆದಾಯ ತೆರಿಗೆಯಿಲ್ಲ. ವಿಲ್ ತಿದ್ದಬೇಕಿಲ್ಲ. ಇಲ್ಲಿನವರು ಬೆನಿಫಿಷಿಯರಿ ಎನ್ನುವ ನಮ್ಮ ನಾಮಿನಿ ಫಾರಂನಲ್ಲಿ, ಶೇಕಡಾ ಐದೋ ಹತ್ತೋ ಎಂದು ಒಂದು ಸಾಲು ಬರೆದರೆ ಸಾಕು. 401(ಕೆ)ಯಾದರೆ ಗಂಡ ಅಥವಾ ಹೆಂಡತಿಯ ಒಪ್ಪಿಗೆಯೂ ಬೇಕು.

"ಅಲ್ಲಿ ದುಡ್ಡು ಯಾರೋ ನುಂಗುತ್ತಾರೆ" ಎಂಬುದು ಮುಂದಿನ ಮಾತು. ಕೊಡದಿರುವುದಕ್ಕೆ ಇದಕ್ಕಿಂತ ಅಗ್ಗದ ನೆಪವಿಲ್ಲ. ನಿಮ್ಮ ಕಾಲೇಜಿಗೆ ನೆರವಾಗುವ ಸಂಸ್ಥೆ ಇಲ್ಲಿದೆಯೇ, ಎಫ್‌ಸಿಆರ್‌ಎ ಕಾಯ್ದೆಯಡಿ ಆ ಕಾಲೇಜು ವಿದೇಶಿ ದೇಣಿಗೆ ಪಡೆಯಬಹುದೇ ಎಂದು ಬದುಕಿರುವಾಗಲೇ ವಿಚಾರಿಸಿ. ಇಂಥ ಲ್ಯಾಬಿಗೆ, ಇಂಥ ವಿದ್ಯಾರ್ಥಿವೇತನಕ್ಕೆ ಎಂದು ಷರತ್ತು ಬರೆಸಿ. ವರ್ಷವರ್ಷ ಲೆಕ್ಕ ಕೇಳಿ.

ಜೆಮ್‌ಷೆಟ್‌ಜಿ ಟಾಟಾ 1904ರಲ್ಲಿ ತೀರಿಕೊಂಡಾಗ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಇನ್ನೂ ಹುಟ್ಟಿರಲಿಲ್ಲ. ಅಪ್ಪ ಕೊಟ್ಟ ಮಾತನ್ನು ಮಕ್ಕಳು ಉಳಿಸಿದರು. ಮೈಸೂರು ಸಂಸ್ಥಾನ 371 ಎಕರೆ ಕೊಟ್ಟಿತು. 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. 1911ರಲ್ಲಿ ಪಾಠ ಶುರುವಾದಾಗ ಮೊದಲ ವಿಭಾಗಗಳಲ್ಲಿ ಎಲೆಕ್ಟ್ರಿಕಲ್ ಟೆಕ್ನಾಲಜಿಯೂ ಒಂದು. ಕೊಟ್ಟವರು ಅದನ್ನು ಕಣ್ಣಾರೆ ಕಾಣಲಿಲ್ಲ.

ನಾವು ಟಾಟಾ ಅಲ್ಲ, ನಿಜ. ಆದರೆ ಅವರು ಸರ್ಕಾರಿ ಸೀಟಿನಲ್ಲಿ ಓದಿ ನ್ಯೂಜೆರ್ಸಿಗೆ ಬಂದವರೂ ಅಲ್ಲ. ನನ್ನ ಮನೆಯ ಅನ್ನ ನಡೆಯುತ್ತಿರುವುದು ಎಂಜಿನಿಯರುಗಳು ಕೊಡುವ ಫೀಸಿನಿಂದ. ಅದಕ್ಕೆ ನನ್ನ ಫಾರಂನಲ್ಲೂ ಶೇಕಡಾ ಹತ್ತು ಬರೆದಿದ್ದೇನೆ. ಬರುವ ಸಲ ತೆರಿಗೆ ಕಾಗದ ತರುವಾಗ ನಿಮ್ಮ ಫಾರಂ ಕೂಡ ತನ್ನಿ. ಆ ಒಂದು ಸಾಲಿಗೆ ನಾನು ಫೀಸು ತೆಗೆದುಕೊಳ್ಳುವುದಿಲ್ಲ.