ಪಿಎಚ್‌ಡಿ ಆಯ್ತು, ಮುಂದೇನು?

1956ರಲ್ಲಿ ತೆಲುಗು ನಾಡಿಗೆ ಸೇರಿದ ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನ ಕನ್ನಡಿಗ ಯುವಕರಿಗೆ ಒಂದು ಕಡೆ ಹೈದರಾಬಾದ್ ವಿವಿ, ಇನ್ನೊಂದು ಕಡೆ ಕಡಗಂಚಿಯ ಕೇಂದ್ರೀಯ ವಿವಿ ಇದೆ. ತೊಡಕಿರುವುದು ದುಡ್ಡಿನದ್ದು. ಪಿಎಚ್‌ಡಿ ಮಾಡುವ ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿದೆ.

ಕಷ್ಟಪಟ್ಟು ಪಿಎಚ್‌ಡಿ ಮುಗಿಸಿದವರಿಗೂ ಕೆಲಸ ತಾನಾಗಿ ಬರಲ್ಲ. ಪ್ರಾಜೆಕ್ಟ್ ಹುದ್ದೆಗಳ ಪ್ರಕಟಣೆಯನ್ನು ವಿವಿ ವೆಬ್‌ಸೈಟಿನಲ್ಲಿ ನಾವೇ ಹುಡುಕಬೇಕು. ಅನುದಾನ ಮುಗಿದರೆ ಆ ಕೆಲಸವೂ ಮುಗೀತು. ಐಸಿಎಸ್‌ಎಸ್‌ಆರ್‌ನ ಪೋಸ್ಟ್ ಡಾಕ್ಟರಲ್ ಫೆಲೋಶಿಪ್‌ಗೆ ಕಾಮರ್ಸ್‌ನವರೂ ಅರ್ಜಿ ಹಾಕಬಹುದು. ಆದರೆ ಮಾರ್ಗದರ್ಶಕರ ಒಪ್ಪಿಗೆ ಮೊದಲೇ ಬೇಕು. ಹಾಗಾಗಿ ಪ್ರಕಟಣೆಗೆ ಕಾಯದೆ ಪ್ರೊಫೆಸರಿಗೆ ಈಗಲೇ ಪತ್ರ ಬರೆಯಿರಿ.

ಕರಾವಳಿಯ ನಮ್ಮ ಮಕ್ಕಳದ್ದೂ ಇದೇ ಪಾಡು. ಡಿಗ್ರಿವರೆಗೆ ಸ್ಕಾಲರ್‌ಶಿಪ್ ಕೊಟ್ಟು ಸುಮ್ಮನಾಗುವ ನಮ್ಮ ಜಮಾಅತ್‌ಗಳು, ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವವರೆಗಿನ ಖಾಲಿ ತಿಂಗಳುಗಳಿಗೂ ಒಂದು ನಿಧಿ ಇಡಬೇಕು. ಅನೇಕರು ಸಂಶೋಧನೆ ಕೈಬಿಡುವುದು ಆಗಲೇ.